ಒಳಗೆ ಬಿಟ್ಟ ಬಟ್ಟೆ

“ಈ ಕೋಟು ಇನ್ನೂ ಯಾಕೆ ನನಗೆ ಸರಿಹೋಗುತ್ತೆ?”

ಪರದೆಯ ಆಚೆ, ಕನ್ನಡಿಯ ಮುಂದೆ ನಿಂತು ತಂಗಿ ಕೇಳಿದಳು. ಅಣ್ಣನನ್ನು ಕೇಳಿದ್ದಲ್ಲ. ಕನ್ನಡಿಯನ್ನು ಕೇಳಿದ್ದೂ ಅಲ್ಲ ಅನಿಸಿತು ಅವನಿಗೆ, ಏಕೆಂದರೆ ಉತ್ತರಕ್ಕೆ ಜಾಗವನ್ನೇ ಬಿಡದೆ ಅವಳು ಗುಂಡಿ ಹಾಕಿಕೊಳ್ಳಲು ತೊಡಗಿದ್ದಳು. ಬಟ್ಟೆ ಕತ್ತರಿಸುವ ಮೇಜಿನ ಬಳಿ ನಿಂತಲ್ಲಿಂದಲೇ ಅವನು ಲೆಕ್ಕ ಹಿಡಿದ. ಒಂದು, ಎರಡು, ಮೂರು. ನಾಲ್ಕನೆಯದು ಹೊಟ್ಟೆಯ ಮೇಲಿನದು, ಅದು ಬರಲಿಲ್ಲ. ಸೀಮೆಸುಣ್ಣ ಹಿಡಿದ ಅವನ ಕೈ ಯಾರದೋ ಪ್ಯಾಂಟಿನ ಮಂಡಿಯ ಮೇಲೆ ನಿಂತಿತು. ಆಮೇಲೆ ಉಸಿರನ್ನು ಒಳಗೆಳೆದುಕೊಂಡ ಸದ್ದು, ನಾಲ್ಕನೆಯ ಗುಂಡಿ, ಮತ್ತೆ ನಿಧಾನವಾಗಿ ಉಸಿರು ಹೊರಗೆ. ಹೊಲಿಗೆ ತಡೆದುಕೊಂಡಿತು. ಅವನೂ ಉಸಿರು ಬಿಟ್ಟ. ಆ ಕೋಟು ಯಾಕೆ ಸರಿಹೋಗುತ್ತದೆ ಎಂದು ಈ ಮನೆಯಲ್ಲಿ ತಿಳಿದಿದ್ದವನು ತಾನೊಬ್ಬನೇ ಎಂದು ಅವನು ಎರಡು ವರ್ಷಗಳಿಂದ ನಂಬಿದ್ದ. ಬಲಗಡೆ ಮೂರು ಸಲ, ಎಡಗಡೆ ಮೂರು ಸಲ, ಅವಳು ಅಂಗಡಿಯಲ್ಲಿಲ್ಲದ ಹೊತ್ತು ನೋಡಿ ಅವನು ಆ ಕೋಟಿನ ಪಕ್ಕದ ಹೊಲಿಗೆ ಬಿಚ್ಚಿ ಒಳಗೆ ಮಡಚಿಟ್ಟಿದ್ದ ಬಟ್ಟೆಯನ್ನು ಸ್ವಲ್ಪ ಸ್ವಲ್ಪವೇ ಹೊರಗೆ ಬಿಟ್ಟಿದ್ದ. ಕೋಟೊಂದೇ ಅಲ್ಲ, ಅವಳ ಅಂಗಿಗಳು, ಲಂಗಗಳು, ಮನೆಯಲ್ಲಿ ಹಾಕುವ ಗೌನು, ಎಲ್ಲವೂ. ಹಳೆಯ ಸೂಜಿಯ ತೂತುಗಳನ್ನು ಹಬೆಯಿಟ್ಟು ಮುಚ್ಚಿದ್ದ. ದಾರದ ಬಣ್ಣವನ್ನು ಕಿಟಕಿಯ ಬೆಳಕಿಗೆ ಹಿಡಿದು ಹೊಂದಿಸಿದ್ದ. ಅವನು ಮಾಡಿದ ಕೆಲಸಗಳಲ್ಲೆಲ್ಲ ಅತ್ಯಂತ ಅಚ್ಚುಕಟ್ಟಾದದ್ದು ಅದೇ. ಅದನ್ನು ಯಾರಿಗೂ ತೋರಿಸುವಂತಿರಲಿಲ್ಲ.

ಆಸ್ಪತ್ರೆಯಲ್ಲಿ ಅವಳಿಗೆ ಕೊಟ್ಟ ಮಾತ್ರೆ ಚಿಕ್ಕದು, ಬಿಳಿಯದು, ಅಂಗಿಯ ಕಾಲರಿನ ಗುಂಡಿಗಿಂತ ಸಣ್ಣದು. ಅದು ಬಂದ ಮೇಲೆ ಅವಳ ಕಿವಿಯೊಳಗೆ ಮಾತಾಡುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು ಹೋದರು, ಮತ್ತು ಅವರು ಬಿಟ್ಟುಹೋದ ಜಾಗದಲ್ಲಿ ಹಸಿವು ಬಂದು ಕೂತಿತು. ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, ಮತ್ತೆ ಅಡುಗೆಮನೆಗೆ ಹೋಗಿ ಖಾಲಿ ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತ ನಿಲ್ಲುತ್ತಿದ್ದಳು. “ಹೊಟ್ಟೆ ತುಂಬಿದೆ ಅಂತ ಹೊಟ್ಟೆಗೇ ಗೊತ್ತಾಗ್ತಿಲ್ಲ ಅಣ್ಣ,” ಎಂದಿದ್ದಳು ಒಮ್ಮೆ, ದೂರಲ್ಲ, ಹವಾಮಾನದ ವಿಷಯ ಹೇಳುವವಳಂತೆ. ಅವನು ಬ್ರೆಡ್ಡಿನ ಡಬ್ಬವನ್ನು ಮೇಲಿನ ಅಟ್ಟಕ್ಕೆ ಇಟ್ಟ. ಮಾರನೆಯ ದಿನ ನಾಚಿಕೆಯಾಗಿ ಕೆಳಗೆ ಇಟ್ಟ. ಐವತ್ತೆಂಟು ಕಿಲೋ ಇದ್ದವಳು ಎಷ್ಟಾದಳು ಎಂಬುದು ಆಸ್ಪತ್ರೆಯ ಕಡತದಲ್ಲಿತ್ತು. ಅವಳಿಗೆ ತಿಳಿಯದಂತೆ ನೋಡಿಕೊಳ್ಳಬೇಕೆಂದು ಅವನು ನರ್ಸಮ್ಮನ ಬಳಿ ಗುಟ್ಟಾಗಿ ಕೇಳಿಕೊಂಡಿದ್ದ. ನರ್ಸಮ್ಮ ಒಪ್ಪಿದ್ದಳು. ಅಂದಿನಿಂದ ತಂಗಿ ತೂಕದ ಯಂತ್ರದ ಮೇಲೆ ಮುಳ್ಳಿಗೆ ಬೆನ್ನು ಹಾಕಿ, ಗೋಡೆ ನೋಡುತ್ತ ನಿಲ್ಲುತ್ತಿದ್ದಳು, ಮೂಲೆಗೆ ನಿಲ್ಲಿಸಿದ ಮಗುವಿನ ಹಾಗೆ. ಇವತ್ತು ಮತ್ತೆ ಆಸ್ಪತ್ರೆ. ನಾಲ್ಕು ಗಂಟೆಗೆ.

ಅವಳು ಪರದೆ ಸರಿಸಿಕೊಂಡು ಈಚೆ ಬಂದಳು. ಕೋಟು ಹಾಕಿದ್ದಳು. ಅವನು ಕತ್ತೆತ್ತಲಿಲ್ಲ, ಎತ್ತಿದರೆ ಕಣ್ಣು ನೇರ ಪಕ್ಕದ ಹೊಲಿಗೆಗೆ ಹೋಗುತ್ತದೆ ಎಂದು ಗೊತ್ತಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಕಡ್ಡಿ ಮೇಷ್ಟ್ರು ಕಾಣಿಸಿಕೊಂಡರು. ಶಾಲೆಯಲ್ಲಿ ಮೂವತ್ತು ವರ್ಷ ಡ್ರಿಲ್ಲು ಮಾಡಿಸಿದವರು. ಆಗ ಕಡ್ಡಿಯಂತಿದ್ದರು, ಮೈ ಹೋಗಿ ಹೆಸರು ಉಳಿದುಕೊಂಡಿತ್ತು.

“ಏನು ಟೈಲರ್ ಮಾಸ್ತರ್, ಹೋದ ವರ್ಷ ಹೊಲಿದ ಪ್ಯಾಂಟು ಕುಗ್ಗಿಬಿಟ್ಟಿದೆಯಲ್ಲ. ಎಂಥಾ ಬಟ್ಟೆ ಕೊಟ್ಟೆ?”

“ಬಟ್ಟೆ ನೀವೇ ತಂದಿದ್ದು ಮೇಷ್ಟ್ರೇ.”

“ಹಾಗಾದ್ರೆ ನಿನ್ನ ಹೊಲಿಗೆ ಕುಗ್ಗಿದೆ.”

“ಉಸಿರು ಬಿಡಿ, ಅಳತೆ ತಗೋಬೇಕು. ಎಷ್ಟು ಹೊತ್ತು ಹಿಡ್ಕೊಂಡಿರ್ತೀರಿ?”

“ಇದು ಹಿಡ್ಕೊಂಡಿರೋದಲ್ಲಯ್ಯ. ಇದು ಶಿಸ್ತು.”

ತಂಗಿ ಅಳತೆ ಪುಸ್ತಕ ತೆಗೆದು ಪೆನ್ಸಿಲ್ ನಾಲಿಗೆಗೆ ಮುಟ್ಟಿಸಿದಳು. ಆ ಅಂಗಡಿಯಲ್ಲಿ ಅಳತೆ ಯಾವಾಗಲೂ ಇಬ್ಬರ ಕೆಲಸ. ಒಬ್ಬರು ಟೇಪು ಹಿಡಿದು ಕೂಗಬೇಕು, ಇನ್ನೊಬ್ಬರು ಅದನ್ನೇ ತಿರುಗಿ ಹೇಳಿ ಬರೆದುಕೊಳ್ಳಬೇಕು. ಅಮ್ಮ ಇದ್ದಾಗ ಅಮ್ಮ ಕೂಗುತ್ತಿದ್ದಳು. ಅವನೂ ತಂಗಿಯೂ ಸರದಿಯ ಮೇಲೆ ಬರೆಯುತ್ತಿದ್ದರು. ಅಮ್ಮನ ಬಾಯಲ್ಲಿ ಭುಜ, ಎದೆ, ತೋಳು ಎಲ್ಲಕ್ಕೂ ಒಂದು ರಾಗವಿತ್ತು, ಏಕೆಂದರೆ ಬೆಳಗಿನಿಂದ ಅವಳ ಬಾಯಲ್ಲಿ ಪದ್ಯಗಳೇ ಓಡುತ್ತಿದ್ದವು, ತನ್ನ ಅಜ್ಜಿಯಿಂದ ಕೇಳಿ ಕಲಿತ ಉದ್ದುದ್ದ ಪದ್ಯಗಳು. ಕಾಲು ಯಂತ್ರ ತುಳಿಯುತ್ತ ತಾಳ ಹಾಕುತ್ತಿತ್ತು, ಸಾಲು ಮುಗಿದಲ್ಲಿ ದಾರ ಕತ್ತರಿಸುತ್ತಿದ್ದಳು. ಅವನಿಗೆ ಇಂದಿಗೂ ದಾರ ಕತ್ತರಿಸಿದ ಸದ್ದು ಕೇಳಿದರೆ ಒಂದು ಸಾಲು ಮುಗಿದಂತೆ ಅನಿಸುತ್ತದೆ. ಅಳತೆಯಲ್ಲಿ ಅಮ್ಮನದೊಂದು ನೇಮವಿತ್ತು. ಸೊಂಟದ ಅಳತೆ ನಲವತ್ತು ಇಂಚು ದಾಟಿದರೆ ಕೂಗುವಾಗ ನಾಲ್ಕು ಕಮ್ಮಿ ಕೂಗಬೇಕು. ಬರೆಯುವವರು ಅದನ್ನೇ ಗಟ್ಟಿಯಾಗಿ ತಿರುಗಿ ಹೇಳಿ, ಪುಸ್ತಕದಲ್ಲಿ ಮಾತ್ರ ನಾಲ್ಕು ಸೇರಿಸಿ ಬರೆಯಬೇಕು. ಅಂಗಡಿಗೆ ಬಂದವರು ನಾಲ್ಕು ಜನರ ಎದುರು ಮುಖ ಸಣ್ಣ ಮಾಡಿಕೊಂಡು ಹೋಗಬಾರದು, ಅಷ್ಟೇ. ಸುಳ್ಳಲ್ಲವೇ ಅಮ್ಮ, ಎಂದು ಅವನು ಏಳನೆಯ ವಯಸ್ಸಿನಲ್ಲಿ ಕೇಳಿದ್ದ. “ಪುಸ್ತಕದಲ್ಲಿ ಸರಿ ಬರೀತೀವಲ್ಲ,” ಎಂದಿದ್ದಳು ಅಮ್ಮ.

“ಸೊಂಟ, ಮೂವತ್ತೊಂಬತ್ತು,” ಎಂದ ಅವನು.

“ಮೂವತ್ತೊಂಬತ್ತು,” ಎಂದಳು ತಂಗಿ. ಬರೆದದ್ದು ನಲವತ್ತಮೂರು.

“ನೋಡಿದ್ಯಾ, ಇನ್ನೂ ನಲವತ್ತಾಗಿಲ್ಲ,” ಎಂದು ಮೇಷ್ಟ್ರು ಹೊಟ್ಟೆ ತಟ್ಟಿಕೊಂಡು ಹೊರಟರು. ಹೋಗುವಾಗ ತಂಗಿಯ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದವರು ಹೇಳದೆ ಟೋಪಿ ಮುಟ್ಟಿಕೊಂಡರು. ಎರಡು ವರ್ಷದ ಹಿಂದೆ ಇದೇ ಬಾಗಿಲಲ್ಲಿ ನಿಂತು ಅವರು ಹೇಳಿದ್ದರು, ಕೆಟ್ಟ ಮನಸ್ಸಿನಿಂದಲ್ಲ, ಏನಾದರೂ ಹೇಳಬೇಕಲ್ಲ ಎಂದು: “ಏನಮ್ಮಾ, ಮದುವೆ ಗಿದುವೆ ಗೊತ್ತಾಯ್ತಾ? ಮೈಕೈ ತುಂಬ್ಕೊಂಡಿದೀಯ.” ತಂಗಿ ನಕ್ಕಿದ್ದಳು. ಆ ರಾತ್ರಿಯಿಂದಲೇ ಮಾತ್ರೆ ನಿಲ್ಲಿಸಿದಳು. ಒಂಬತ್ತನೆಯ ದಿನ ಅವನು ಹೊರಗಿನಿಂದ ಬಂದಾಗ ಅವಳು ಕತ್ತರಿಸುವ ಮೇಜಿನ ಕೆಳಗೆ ಕೂತು, ಒಪ್ಪಿಸಲು ಸಿದ್ಧವಾಗಿದ್ದ ಇಪ್ಪತ್ತಾರು ಬಟ್ಟೆಗಳ ಲೇಬಲ್ಲುಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆಯುತ್ತಿದ್ದಳು. ಲೇಬಲ್ಲುಗಳ ಒಳಗಿನಿಂದ ಯಾರೋ ಅವಳ ಸೊಂಟದ ಅಳತೆಯನ್ನು ಕೂಗುತ್ತಿದ್ದರಂತೆ. ಒಂದೂ ಬಟ್ಟೆಗೆ ಗಾಯವಾಗದಂತೆ ಬಿಡಿಸಿದ್ದಳು. ಅವನಿಗೆ ಆಗಲೂ ಮೊದಲು ಕಣ್ಣಿಗೆ ಬಿದ್ದದ್ದು ಅದೇ, ಎಷ್ಟು ನಾಜೂಕಾಗಿ ಬಿಡಿಸಿದ್ದಾಳೆ ಎನ್ನುವುದು. ಆಮೇಲೆ ಅವಳ ಕಣ್ಣು. ಆಮೇಲೆ ಅವಳ ಕೈಯಲ್ಲಿದ್ದ ಕತ್ತರಿ. ಆ ಕ್ರಮಕ್ಕಾಗಿ ಅವನು ತನ್ನನ್ನು ಇನ್ನೂ ಕ್ಷಮಿಸಿಕೊಂಡಿಲ್ಲ. ಅವಳು ಆಸ್ಪತ್ರೆಯಿಂದ ಮನೆಗೆ ಮರಳಿದ ವಾರದಲ್ಲೇ ಅವನು ಮೊದಲ ಸಲ ಕೋಟಿನ ಹೊಲಿಗೆ ಬಿಚ್ಚಿದ್ದು. ಮೈ ಬೆಳೆದದ್ದು ಅವಳಿಗೆ ತಿಳಿಯದಿದ್ದರೆ ಮಾತ್ರೆ ನಿಲ್ಲುವುದಿಲ್ಲ. ಅಷ್ಟೇ ಸರಳವಾಗಿ ಯೋಚಿಸಿದ್ದ. ಬೇರೆ ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ; ಬಟ್ಟೆಯೊಂದೇ ತಿಳಿದದ್ದು.

ತಂಗಿ ಕೋಟು ಬಿಚ್ಚಿ ಮೇಜಿನ ಮೇಲಿಟ್ಟಳು. “ನಾಲ್ಕನೇ ಗುಂಡಿ ಸಡಿಲ ಆಗಿದೆ ಅಣ್ಣ. ಸಂಜೆಗೆ ಬೇಕು. ನಾನು ದಾರದಂಗಡಿಗೆ ಹೋಗಿಬರ್ತೀನಿ, ಕಪ್ಪು ದಾರ ಮುಗಿದಿದೆ.”

“ಹೂಂ,” ಎಂದ. ಅವಳು ಹೋದ ಮೇಲೆ ಬಾಗಿಲಿಗೆ ‘ಈಗ ಬರುತ್ತೇನೆ’ ಎಂಬ ಹಲಗೆ ತೂಗುಹಾಕಿ ಚಿಲಕ ಹಾಕಿಕೊಂಡ. ದಿನವಿಡೀ ಗುಂಡಿ ಹಾಕುವುದೇ ಅವಳ ಕೆಲಸ. ತನ್ನ ಕೋಟಿನ ಗುಂಡಿಯನ್ನು ಅಣ್ಣನಿಗೆ ಯಾಕೆ ಬಿಟ್ಟುಹೋದಳು ಎಂದು ಅವನು ಆಗ ಕೇಳಿಕೊಳ್ಳಲಿಲ್ಲ. ಸಿಕ್ಕ ಹೊತ್ತಿಗೆ ಕೃತಜ್ಞನಾಗಿ ಕೋಟಿನ ಒಳಪದರದ ಅಸ್ತರಿ ಮೇಲಕ್ಕೆ ಮಾಡಿ ಹರವಿಕೊಂಡ. ಬೂದು ಉಣ್ಣೆಯ ಬಟ್ಟೆ, ಅಮ್ಮ ಕೊನೆಯದಾಗಿ ಕತ್ತರಿಸಿದ್ದು. ಅಮ್ಮ ಯಾವ ಬಟ್ಟೆ ಹೊಲಿದರೂ ಪಕ್ಕದಲ್ಲಿ ಎರಡು ಬೆರಳು ಅಗಲ ಒಳಗೆ ಬಿಡುತ್ತಿದ್ದಳು. ಬಟ್ಟೆ ದಂಡ ಅಲ್ಲವೇ ಎಂದರೆ, ಇದ್ದರೆ ಇರಲಿ ಬಿಡು, ಎನ್ನುತ್ತಿದ್ದಳು. ಆ ಎರಡು ಬೆರಳಿನಲ್ಲಿ ಈಗ ಉಳಿದಿದ್ದು ಒಂದು ಉಗುರಿನಷ್ಟು. ಇವತ್ತು ಅದನ್ನೂ ಬಿಟ್ಟರೆ ಆಮೇಲೆ ಏನಿಲ್ಲ. ಆಮೇಲೆ ಬೇರೆ ಕೋಟು ಹೊಲಿದು, ಇದರಂತೆಯೇ ಸವೆಸಿ, ಮೊಣಕೈಯ ಹತ್ತಿರ ಇದರಂತೆಯೇ ರಫು ಹಾಕಿ ಬದಲಿಸಿಡಬಹುದೇ ಎಂದು ಕೂಡ ಅವನು ಹೋದ ವಾರ ಯೋಚಿಸಿದ್ದ. ಯೋಚಿಸಿ, ಅದೇ ಬೂದು ಬಟ್ಟೆ ಎಲ್ಲಿ ಸಿಗುತ್ತದೆ ಎಂದು ಇಬ್ಬರು ವ್ಯಾಪಾರಿಗಳನ್ನು ವಿಚಾರಿಸಿಯೂ ಇದ್ದ.

ಎಡಗಡೆಯ ಅಸ್ತರಿಯನ್ನು ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ಬಿಡಿಸಿದ. ಒಳಗೆ ಕೈಯಿಟ್ಟಾಗ ಬೆರಳಿಗೆ ಏನೋ ಗಂಟುಗಂಟಾಗಿ ಸಿಕ್ಕಿತು. ಬೆಳಕಿಗೆ ಹಿಡಿದು ನೋಡಿದ. ಉಳಿದಿದ್ದ ಆ ಉಗುರಗಲದ ಬಟ್ಟೆಯ ಮೇಲೆ ಬಿಳಿ ಅಸ್ತರಿಯ ಒಂದು ಪಟ್ಟಿ, ಪಟ್ಟಿಯಲ್ಲಿ ಸಾಲಾಗಿ ಸಣ್ಣ ಸಣ್ಣ ಕೋಣೆಗಳು, ಒಂದೊಂದಕ್ಕೂ ನಾಲ್ಕು ಕಡೆಯಿಂದ ಹಿಂಹೊಲಿಗೆ. ಎಷ್ಟು ಸಮನಾದ ಹೊಲಿಗೆ ಎಂದರೆ ಅವನಿಗೆ ಮೊದಲು ಕಂಡದ್ದು ಹೊಲಿಗೆಯೇ, ಅಮ್ಮನ ಕೈಯದಂತಿದೆಯಲ್ಲ ಅಂದುಕೊಂಡ. ಆಮೇಲಷ್ಟೇ ಒಳಗಿದ್ದುದು ಕಂಡಿತು. ಒಂದು ಕೋಣೆ ಬಿಚ್ಚಿದ. ಬಿಳಿ ಮಾತ್ರೆ ಅಂಗೈಗೆ ಬಿತ್ತು. ಒಟ್ಟು ಒಂಬತ್ತು ಇದ್ದವು.

ಅವನು ಸ್ಟೂಲಿನ ಮೇಲೆ ಕೂತ. ಪ್ರತಿದಿನ ಊಟವಾದ ಮೇಲೆ ಮಾತ್ರೆಯನ್ನು ಅವನೇ ಅವಳ ಕೈಗೆ ಕೊಡುತ್ತಿದ್ದ, ನೀರಿನ ಲೋಟ ಕೊಡುತ್ತಿದ್ದ, ನುಂಗುವವರೆಗೂ ಅತ್ತ ಇತ್ತ ನೋಡುತ್ತ ನಿಂತಿರುತ್ತಿದ್ದ. ಬಾಯಿ ತೆರೆದು ತೋರಿಸು ಎಂದು ಮಾತ್ರ ಯಾವತ್ತೂ ಕೇಳಿರಲಿಲ್ಲ. ಅವಳಿಗೆ ಕೊಟ್ಟ ಮರ್ಯಾದೆ ಅದೊಂದಾದರೂ ಉಳಿದಿದೆ ಅಂದುಕೊಂಡಿದ್ದ. ಈಗ ಅಂಗೈಯಲ್ಲಿ ಮಾತ್ರೆ ಬೆವರಿಗೆ ಅಂಟಿಕೊಳ್ಳುತ್ತಿತ್ತು. ಕೇಳಬೇಕು, ಬಂದ ಕೂಡಲೇ ಕೇಳಬೇಕು. ಏನೆಂದು? ಮಾತ್ರೆ ಯಾಕೆ ಬಚ್ಚಿಟ್ಟೆ ಎಂದು ಕೇಳಿದರೆ, ನನ್ನ ಕೋಟಿನ ಅಸ್ತರಿ ಯಾಕೆ ಬಿಚ್ಚಿದೆ ಎಂದು ಅವಳು ಕೇಳುತ್ತಾಳೆ. ಕೇಳದೆ ಇದ್ದರೆ ಮೇಜಿನ ಕೆಳಗೆ ಮತ್ತೆ ಕತ್ತರಿ. ಹೊಲಿದುಬಿಡಲೇ, ಏನೂ ಕಾಣದವನಂತೆ? ಆ ಯೋಚನೆ ಬಂದದ್ದಷ್ಟೇ ಅಲ್ಲ, ಕೈ ಆಗಲೇ ಸೂಜಿ ಹುಡುಕುತ್ತಿತ್ತು. ಅವನಿಗೆ ತನ್ನ ಕೈಯ ಮೇಲೆ ಹೇಸಿಗೆಯಾಯಿತು. ಡಾಕ್ಟರು ಹಿಂದೆ ಹೇಳಿದ್ದು ನೆನಪಾಯಿತು. ಅವರು ಒಳ್ಳೆಯವರು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮಾತಾಡುವವರು. “ತೂಕ ಏರ್ತಾ ಇದೆ. ಈ ಮಾತ್ರೆಯಲ್ಲಿ ಹಾಗಾಗುತ್ತೆ, ಅವರ ತಪ್ಪಲ್ಲ. ಅವರಿಗೆ ಅದರ ಬಗ್ಗೆ ಬೇಜಾರಿದ್ರೆ ಬೇರೆ ಮಾತ್ರೆ ನೋಡೋಣ. ನಿಧಾನಕ್ಕೆ ಬದಲಾಯಿಸಬೇಕು, ಒಂದೆರಡು ತಿಂಗಳು ಜೋಪಾನ. ಅವರನ್ನೇ ಕೇಳೋಣವಾ?” ಎಂದಿದ್ದರು. ಒಂದೆರಡು ತಿಂಗಳು ಜೋಪಾನ ಎಂಬಷ್ಟೇ ಅವನ ಕಿವಿಗೆ ಬಿದ್ದದ್ದು. ಇಪ್ಪತ್ತಾರು ಲೇಬಲ್ಲುಗಳು ಕಣ್ಣೆದುರು ಬಂದವು. “ಬೇಜಾರೇನಿಲ್ಲ ಸಾರ್. ಅವಳಿಗೆ ಗೊತ್ತೇ ಆಗಿಲ್ಲ,” ಎಂದುಬಿಟ್ಟಿದ್ದ. ತಂಗಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಎರಡು ಮಾತು ಹೇಳಿ ಬರ್ತೀನಿ ಎಂದು ಅವನು ಯಾವಾಗಲೂ ಮೊದಲು ಒಬ್ಬನೇ ಒಳಗೆ ಹೋಗುತ್ತಿದ್ದ. ಮುಂದಿನ ಸಲವೂ ಡಾಕ್ಟರು ಕೇಳಿದರು. ಅದರ ಮುಂದಿನ ಸಲವೂ. ಮೂರು ಸಲವೂ ಅದೇ ಮಾತು, ಬಾಯಿಪಾಠ ಮಾಡಿದವನಂತೆ. ಅಮ್ಮ ಹೇಳುತ್ತಿದ್ದ ಪದ್ಯಗಳನ್ನು ಅವನು ಈಗಲೂ ಬೆಳಿಗ್ಗೆ ಎದ್ದು ದೀಪದ ಮುಂದೆ ಹೇಳಿಕೊಳ್ಳುತ್ತಾನೆ. ಸುಳ್ಳಾಡಿದವರಿಗೆ ಏನಾಗುತ್ತದೆ ಎಂಬುದು ಅವುಗಳಲ್ಲಿ ವಿವರವಾಗಿದೆ. ಪ್ರೀತಿಯಿಂದ ಸುಳ್ಳಾಡಿದವರ ವಿಷಯವೂ ಎಲ್ಲೋ ಇದ್ದಿರಬೇಕು. ಅಮ್ಮ ಆ ಸಾಲು ಹೇಳುವಾಗ ಯಂತ್ರದ ಸದ್ದು ಜೋರಾಗಿತ್ತೋ, ತಾನೇ ನಿದ್ದೆ ಹೋಗಿದ್ದನೋ. ಅವನಿಗೆ ಅದು ನೆನಪಿಲ್ಲ.

ಹಿಂಬಾಗಿಲಲ್ಲಿ ಸದ್ದಾಯಿತು. ಹಿಂಬಾಗಿಲಿಗೆ ಚಿಲಕ ಹಾಕಿರಲಿಲ್ಲ. ತಂಗಿ ಕಪ್ಪು ದಾರದ ಪೊಟ್ಟಣ ಹಿಡಿದು ಅಡುಗೆಮನೆ ದಾಟಿ ಬಂದು ಪರದೆಯ ಬಳಿ ನಿಂತಳು. ಮೇಜಿನ ಮೇಲೆ ಬಿಚ್ಚಿ ಬಿದ್ದ ಕೋಟನ್ನು ನೋಡಿದಳು. ಅವನು ಮಾತ್ರೆಗಳನ್ನು ಸೀಮೆಸುಣ್ಣದ ಡಬ್ಬಿಗೆ ಹಾಕಿ ಮುಚ್ಚಳದ ಮೇಲೆ ಕೈಯಿಟ್ಟಿದ್ದ.

“ಗುಂಡಿ ಹಾಕಿದ್ಯಾ?”

“ಇಲ್ಲ.”

“ಒಂಬತ್ತೂ ಇದ್ದವಾ?”

ಅವನು ತಲೆಯಾಡಿಸಿದ. ಅವಳು ಇನ್ನೊಂದು ಸ್ಟೂಲನ್ನು ಎಳೆದುಕೊಂಡು ಎದುರಿಗೆ ಕೂತಳು. ದಾರದಂಗಡಿಯಿಂದ ನಡೆದು ಬಂದ ಏದುಸಿರು ಇಳಿಯುವವರೆಗೂ ದಾರದ ಪೊಟ್ಟಣವನ್ನು ಮಡಿಲಲ್ಲಿ ಹಿಡಿದಿದ್ದಳು. ಆ ಏದುಸಿರು ಅವನು ಕೇಳಿಸಿಕೊಂಡಿದ್ದೇನೆ ಎಂದು ಎಂದೂ ಒಪ್ಪಿಕೊಳ್ಳದ ಸದ್ದುಗಳಲ್ಲಿ ಒಂದು. ಮೆಟ್ಟಿಲು ಹತ್ತಿದಾಗಿನದು ಇನ್ನೊಂದು.

“ಹೋದ ತಿಂಗಳಿಂದ ಕಾಯ್ತಾ ಇದೀನಿ,” ಎಂದಳು. “ಈ ಸಲ ನೀನು ಬಿಚ್ಚೋದು ತಡ ಆಯ್ತು.”

“ಅಂದ್ರೆ... ನಾನು ಬಿಚ್ಚೋದು...”

“ಅಣ್ಣ, ಅಮ್ಮ ನಿನಗೊಬ್ಬನಿಗೇ ಹೊಲಿಗೆ ಕಲಿಸಿದ್ಲಾ?” ಕೋಟಿನ ಪಕ್ಕವನ್ನು ಹಿಡಿದು ಅವನ ಕಡೆಗೆ ತಿರುಗಿಸಿದಳು. “ನೋಡಿಲ್ಲಿ. ತೂತು ಮುಚ್ಚಿದ್ದೀಯ, ದಾರ ಹೊಂದಿಸಿದ್ದೀಯ. ಬಟ್ಟೆ ಬಿಸಿಲು ಕಂಡು ಮಾಸಿದೆ. ಒಳಗಿದ್ದಿದ್ದು ಎಲ್ಲಿ ಮಾಸುತ್ತೆ? ಇದು ಮೊದಲನೇ ಸಲದ್ದು. ಇದು ಎರಡು. ಇದು ಮೂರು.” ಬೂದು ಬಟ್ಟೆಯ ಮೇಲೆ ಉದ್ದಕ್ಕೆ ಮೂರು ಗೆರೆಗಳು, ಒಂದಕ್ಕಿಂತ ಒಂದು ಗಾಢವಾಗಿ, ಅವಳ ಬೆರಳ ತುದಿಯಲ್ಲಿ ಎದ್ದು ಕಂಡವು. ಅವನು ಅವನ್ನು ಕಂಡಿರಲಿಲ್ಲವೆಂದಲ್ಲ. ಕಂಡು, ಬೇರೆ ಯಾರಿಗೂ ಕಾಣುವುದಿಲ್ಲ ಅಂದುಕೊಂಡಿದ್ದ. ಬೀದಿಯವರ ಕಣ್ಣಿಗೆ ಅಂಜಿ ಹೊಲಿದಿದ್ದ. ಎದುರು ಕೂತು ಇಪ್ಪತ್ತು ವರ್ಷದಿಂದ ಗುಂಡಿಯ ಕಾಜ ತೆಗೆಯುತ್ತಿದ್ದವಳ ಕಣ್ಣನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

“ಗೊತ್ತಿದ್ದೂ ಸುಮ್ಮನಿದ್ಯಲ್ಲ.”

“ಅಷ್ಟು ಅಚ್ಚುಕಟ್ಟಾಗಿ ಮಾಡ್ತಿದ್ದೆ. ನೋಡಿ ಪಾಪ ಅನಿಸ್ತು.”

ಅವಳಿಗೆ ತನ್ನ ಮೇಲೆ ಪಾಪ ಅನಿಸಿತ್ತು. ಎರಡು ವರ್ಷ, ಅವಳನ್ನು ಮರೆಯಲ್ಲಿ ಎತ್ತಿಕೊಂಡು ನಡೆಯುತ್ತಿದ್ದೇನೆ ಅಂದುಕೊಂಡ ಅಷ್ಟೂ ದಿನ, ಎತ್ತಿಕೊಂಡಿದ್ದು ಯಾರು ಯಾರನ್ನು? ಕಿವಿಯ ಹಿಂದೆ ಬಿಸಿಯಾಯಿತು. ಡ್ರಿಲ್ಲಿನ ಸಾಲಿನಲ್ಲಿ ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡು ನಿಂತಿದ್ದ ಒಂದು ಬೆಳಿಗ್ಗೆ ಕಾರಣವಿಲ್ಲದೆ ನೆನಪಾಯಿತು.

“ಬಾಯಲ್ಲಿ ಹೇಳಬಹುದಿತ್ತಲ್ಲ,” ಎಂದ. ಧ್ವನಿ ತನಗೇ ಸಣ್ಣದಾಗಿ ಕೇಳಿಸಿತು. “ಮಾತ್ರೆ ಹೀಗೆ ಹೊಲಿದಿಡೋ ಬದಲು.”

“ಯಾರ ಹತ್ರ ಹೇಳ್ಲಿ? ಡಾಕ್ಟರ ಹತ್ರ ನೀನು ಹೇಳೋದು ಹೊರಗಡೆ ಬೆಂಚಿಗೆ ಕೇಳಿಸುತ್ತೆ. ಅವಳಿಗೆ ಗೊತ್ತೇ ಆಗಿಲ್ಲ ಸಾರ್. ಮೂರು ಸಲ ಹೇಳಿದ್ದೀಯ.” ಅವಳು ಅವನ ಧ್ವನಿಯನ್ನು ಅನುಕರಿಸಲಿಲ್ಲ. ಅನುಕರಿಸಿದ್ದರೆ ಸಲೀಸಾಗುತ್ತಿತ್ತು. “ನಿನ್ನ ಕೈ ತಪ್ಪದೆ ಹೋಗೋ ಜಾಗ ಅದೊಂದೇ ಅನ್ನಿಸ್ತು. ಅಲ್ಲಿ ಇಟ್ಟೆ.”

“ಎಲ್ಲಾ ಬಿಟ್ಟಿದೀಯಾ? ಮಾತ್ರೆ?”

“ಇಲ್ಲ. ಮೂರು ದಿನಕ್ಕೊಂದು ಬಿಟ್ಟೆ. ನನಗೂ ಭಯ ಅಲ್ವಾ.”

“ಮತ್ತೆ... ಲೇಬಲ್ಲು?”

ಅವಳು ಗೋಡೆಯ ಮೇಲೆ ಸಾಲಾಗಿ ತೂಗುತ್ತಿದ್ದ ಬಟ್ಟೆಗಳ ಕಡೆ ನೋಡಿದಳು, ಪರಿಚಯದವರು ಯಾರಾದರೂ ಬಂದಿದ್ದಾರೆಯೇ ಎಂದು ನೋಡುವವಳಂತೆ. “ಸುಮ್ಮನಿವೆ,” ಎಂದಳು. ಸ್ವಲ್ಪ ತಡೆದು, “ಇನ್ನೂ,” ಎಂದಳು.

ಹೊರಗೆ ಯಾರೋ ಬಂದು ಹಲಗೆ ಓದಿ ಹೋದರು. ಆಗ ಕನ್ನಡಿಯ ಮುಂದೆ ಕೇಳಿದ್ದೇಕೆ ಹಾಗಾದರೆ, ಗೊತ್ತಿದ್ದೂ ಗೊತ್ತಿದ್ದೂ, ಎಂದು ಅವನು ಕೊನೆಗೆ ಕೇಳಿದ. ಅವಳು ಭುಜ ಕುಣಿಸಿದಳು. “ಯಾರಾದ್ರೂ ಹೇಳ್ತಾರೇನೋ ಅಂತ ಕೇಳ್ದೆ.”

ಆಮೇಲೆ ಎದ್ದು ಅಳತೆ ಪುಸ್ತಕ ತೆರೆದಳು. ಹೊಸ ಪುಟದ ಮೇಲೆ ತನ್ನ ಹೆಸರು ಬರೆದು ತಾರೀಖು ಹಾಕಿದಳು. ಮೇಜಿಗೆ ಬೆನ್ನಾಗಿ ನಿಂತು, ಗಿರಾಕಿಗಳು ನಿಲ್ಲುವ ಹಾಗೆ ತೋಳುಗಳನ್ನು ಸ್ವಲ್ಪ ಅಗಲಿಸಿದಳು.

“ಅಳತೆ ತಗೋ.”

“ಈಗಲಾ?”

“ಹೊಸ ಕೋಟು ಬೇಕು ನನಗೆ. ನಾನಿರೋ ಹಾಗೆ ಹೊಲಿ.”

ಅವನು ಕತ್ತಿನಿಂದ ಟೇಪು ಇಳಿಸಿದ. ಭುಜ ಕೂಗಿದ, ಎದೆ ಕೂಗಿದ, ತೋಳು. ಅವಳು ತಿರುಗಿ ಹೇಳಿ, ಪಕ್ಕಕ್ಕೆ ಬಾಗಿ, ಬರೆದಳು. ಕಾಯಿಲೆಯಾದ ಮೇಲೆ ಅವನು ಅವಳನ್ನು ಮುಟ್ಟಿರಲಿಲ್ಲ. ಅವಳ ಬಟ್ಟೆಗಳನ್ನಷ್ಟೇ ಮುಟ್ಟಿದ್ದ. ಬಟ್ಟೆಗಳ ಮೂಲಕ ಅವಳ ಮೈಯ ಒಂದೊಂದು ಇಂಚೂ ಗೊತ್ತಿತ್ತು, ಆದರೆ ಆ ಮೈ ಬೆಚ್ಚಗಿರುತ್ತದೆ ಎನ್ನುವುದು ಮರೆತೇಹೋಗಿತ್ತು. ಟೇಪನ್ನು ಸೊಂಟದ ಸುತ್ತ ತಂದು ಎರಡು ತುದಿ ಸೇರಿಸಿದ. ಅವಳು ಉಸಿರು ಹಿಡಿಯಲಿಲ್ಲ. ಅವನು ಅಂಕಿ ನೋಡಿದ. ಬಾಯಿ ತನ್ನಷ್ಟಕ್ಕೆ ತಾನೇ, ಅಮ್ಮನ ಅದೇ ರಾಗದಲ್ಲಿ, ಕೂಗಿತು:

“ಸೊಂಟ, ಮೂವತ್ತೆಂಟು.”

“ಮೂವತ್ತೆಂಟು,” ಎಂದಳು ತಂಗಿ. ಅವಳ ಕೈಯೂ ತನ್ನಷ್ಟಕ್ಕೆ ತಾನೇ ನಲವತ್ತೆರಡು ಎಂದು ಬರೆಯಿತು.

ಬರೆದು ಮುಗಿದ ಮೇಲೆ ಇಬ್ಬರೂ ಪುಸ್ತಕ ನೋಡಿದರು. ಮೊದಲು ನಕ್ಕವಳು ಅವಳು. ಸದ್ದಿಲ್ಲದ ನಗು, ಹೊಟ್ಟೆಯಿಂದ ಎದ್ದು ಮೈಯೆಲ್ಲ ಕುಲುಕುವುದು. ಟೇಪಿನ ತುದಿಗಳನ್ನು ಹಿಡಿದೇ ಇದ್ದ ಅವನ ಬೆರಳುಗಳಿಗೆ ಆ ನಗು ಬಿಗಿದು, ಸಡಿಲಿ, ಬಿಗಿದು ತಾಕಿತು. ಮಾತ್ರೆಯೂ ಅಲ್ಲ, ಕಾಯಿಲೆಯೂ ಅಲ್ಲ, ಅವಳೇ. ಅವನಿಗೆ ನಗಲು ಬರಲಿಲ್ಲ. ಟೇಪು ಹಿಡಿದುಕೊಂಡೇ ನಿಂತ.

“ಪುಸ್ತಕದಲ್ಲಿ ಸರಿ ಬರೀತೀವಲ್ಲ,” ಎಂದಳು ಅವಳು, ಕಣ್ಣು ಒರೆಸಿಕೊಳ್ಳುತ್ತ.

“ಹೊಸ ಕೋಟಿಗೆ,” ಎಂದ ಅವನು, ಟೇಪನ್ನು ಮತ್ತೆ ಕತ್ತಿಗೆ ಹಾಕಿಕೊಳ್ಳುತ್ತ, “ಪಕ್ಕದಲ್ಲಿ ಬಟ್ಟೆ ಬಿಡಲಾ?”

“ಬಿಡು. ಹೆಚ್ಚೂ ಆಗಬಹುದು, ಕಮ್ಮಿನೂ ಆಗಬಹುದು. ಯಾವತ್ತಾದ್ರೂ ಬಿಚ್ಚೋದಾದ್ರೆ ನಾನಿದ್ದಾಗ ಬಿಚ್ಚು.”

ಮೂರು ಗಂಟೆ ದಾಟಿತ್ತು. ಹಳೆಯ ಕೋಟನ್ನು ಸರಿಯಾಗಿ ಹೊಲಿಯಲು ಹೊತ್ತಿರಲಿಲ್ಲ. ಬಿಳಿ ದಾರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಟ್ಟ. ಉಳಿದಿದ್ದ ಉಗುರಗಲದ ಬಟ್ಟೆಯನ್ನೂ ಹೊರಗೆ ಬಿಟ್ಟ, ಅವಳು ನೋಡುತ್ತ ನಿಂತಿದ್ದಳು. ಬೂದು ಕೋಟಿನ ಎಡಪಕ್ಕದಲ್ಲಿ ಕಂಕುಳಿನಿಂದ ಕೆಳಗಿನವರೆಗೆ ಬಿಳಿ ಹಲ್ಲುಗಳಂತೆ ಹೊಲಿಗೆ. ಅದನ್ನೇ ತೊಟ್ಟು ಅವಳು ಬೀದಿಗಿಳಿದಳು. ಮಾತ್ರೆಗಳಿದ್ದ ಸೀಮೆಸುಣ್ಣದ ಡಬ್ಬಿಯನ್ನು ತನ್ನ ಜೇಬಿಗೆ ಹಾಕಿಕೊಂಡಳು. ಕಡತ ಅವನ ಕಂಕುಳಲ್ಲಿತ್ತು, ಯಾವಾಗಲೂ ಇರುವ ಹಾಗೆ. ಗಾಳಿ ಬೀಸುತ್ತಿತ್ತು. ತಿರುವಿನ ಚಹಾದ ಅಂಗಡಿಯ ಮುಂದೆ ಕಡ್ಡಿ ಮೇಷ್ಟ್ರು ಲೋಟ ಹಿಡಿದು ನಿಂತಿದ್ದರು. ಅವರ ಕಣ್ಣು ಕೋಟಿನ ಪಕ್ಕಕ್ಕೆ ಹೋದದ್ದನ್ನು ಅವನು ಕಂಡ. ತಂಗಿಯ ಎಡಕ್ಕೆ ಸರಿದು ಅಡ್ಡವಾಗಿ ನಡೆಯಬೇಕು ಅನಿಸಿತು. ಕಾಲು ಅರ್ಧ ಸರಿದೂ ಸರಿಯಿತು.

“ಎಂಥಾ ಹೊಲಿಗೆ ಅಮ್ಮಾ ಇದು?” ಎಂದರು ಮೇಷ್ಟ್ರು.

“ಇನ್ನೂ ಮುಗಿದಿಲ್ಲ ಮೇಷ್ಟ್ರೇ,” ಎಂದಳು ತಂಗಿ, ನಿಲ್ಲದೆ.

ಆಸ್ಪತ್ರೆಯ ಓಣಿಯಲ್ಲಿ ಫಿನಾಯಿಲಿನ ವಾಸನೆ, ಸುಣ್ಣ ಉದುರಿದ ಗೋಡೆಗೆ ಒರಗಿಸಿದ ಉದ್ದ ಬೆಂಚು. ನರ್ಸಮ್ಮ ಅವರನ್ನು ಕಂಡವಳೇ ಎದ್ದು ಬಂದಳು. “ಬಾಮ್ಮ, ಕೋಟು ತೆಗೆದಿಡು. ಹಿಂದಿರುಗಿ ನಿಂತ್ಕೋ.” ತಂಗಿ ಕೋಟು ಬಿಚ್ಚಿ ಅಣ್ಣನ ಕೈಗೆ ಕೊಟ್ಟು ಯಂತ್ರದ ಮೇಲೆ ಹತ್ತಿದಳು. ಮುಳ್ಳಿಗೆ ಎದುರಾಗಿ. ನರ್ಸಮ್ಮ ಅವನ ಮುಖ ನೋಡಿದಳು, ಏನು ಮಾಡಲಿ ಎಂಬಂತೆ. ಅವನು ನೆಲ ನೋಡಿದ. ನೆಲದಲ್ಲಿ ಒಂದು ಹಾಸುಗಲ್ಲು ಬಿರುಕುಬಿಟ್ಟಿತ್ತು. ಮೂರು ವರ್ಷದಿಂದ ಬಂದರೂ ಅದನ್ನು ಇವತ್ತೇ ಕಂಡದ್ದು.

“ಎಂಬತ್ತೊಂದೂವರೆ,” ಎಂದು ತಂಗಿ ಓದಿದಳು, ಓಣಿಯಲ್ಲಿದ್ದವರಿಗೆಲ್ಲ ಕೇಳುವಷ್ಟು. ಯಾರೂ ತಿರುಗಿ ನೋಡಲಿಲ್ಲ. ಎದುರಿನ ಬೆಂಚಿನ ಮುದುಕ ತನ್ನ ಮೂಗನ್ನು ಒರೆಸಿಕೊಂಡ. ಅಣ್ಣನೊಬ್ಬನೇ, ತುಟಿಯೊಳಗೆ, ಬರೆಯುವವನ ಪಾಠವನ್ನು ಒಪ್ಪಿಸಿದ: ಎಂಬತ್ತೊಂದೂವರೆ. ಕೂಡಲಿಲ್ಲ, ಕಳೆಯಲಿಲ್ಲ.

ಬಾಗಿಲು ತೆರೆಯಿತು. ಒಳಗಿದ್ದವರು ಹೊರಗೆ ಬಂದರು. ನರ್ಸಮ್ಮ ಹೆಸರು ಕೂಗಿದಳು; ಕೂಗಿದ್ದು ತಂಗಿಯ ಹೆಸರನ್ನು, ಆದರೆ ಎದ್ದವನು ಅವನು. ಕಡತ ಕೈಯಲ್ಲಿ, ಕಾಲು ಬಾಗಿಲಿನತ್ತ, ಎರಡು ಮಾತು ಹೇಳಿ ಬರ್ತೀನಿ ಎಂಬ ಮಾತು ಆಗಲೇ ನಾಲಿಗೆಯ ಮೇಲೆ. ಅರ್ಧದಲ್ಲಿ ನಿಂತ. ತಂಗಿ ಅವನ ಮುಂದೆ ಕೈಚಾಚಿ ನಿಂತಿದ್ದಳು. ಕಡತ ಕೊಟ್ಟ. ಕೋಟು ಕೊಟ್ಟ, ಅವಳು ತೊಟ್ಟುಕೊಂಡಳು, ನಾಲ್ಕನೆಯ ಗುಂಡಿಯನ್ನು ಹಾಗೇ ಬಿಟ್ಟಳು. ಬರಿಗೈಯಾದಾಗ ಅವನಿಗೆ ಭಯ ಹತ್ತಿತು. ಬೇರೆ ಮಾತ್ರೆ, ಒಂದೆರಡು ತಿಂಗಳು, ಅಂಗಡಿಯ ಗೋಡೆಯ ಮೇಲೆ ಸಾಲು ಬಟ್ಟೆಗಳು, ಒಂದೊಂದರ ಕತ್ತಿನಲ್ಲೂ ಲೇಬಲ್ಲು. ಅವಳು ಏನನ್ನಾದರೂ ಹೇಳಲು ಮರೆತರೆ? ಡಾಕ್ಟರು ಏನಾದರೂ ಕೇಳಿದ್ದಕ್ಕೆ ಅವಳು ಭುಜ ಕುಣಿಸಿ ಸುಮ್ಮನಾದರೆ?

“ನಾನೂ ಬರ್ತೀನಿ ಕಣೇ,” ಎಂದ. “ಮಾತಾಡಲ್ಲ. ಆಣೆ. ಪಕ್ಕದಲ್ಲಿ ಸುಮ್ಮನೆ ಕೂತಿರ್ತೀನಿ, ಅಷ್ಟೇ.”

ತಂಗಿ ಅವನ ಅಂಗಿಯ ಮೇಲಿದ್ದ ಬಿಳಿ ದಾರದ ತುಂಡೊಂದನ್ನು ತೆಗೆದು, ಎಲ್ಲಿ ಹಾಕುವುದೆಂದು ತಿಳಿಯದೆ, ತನ್ನ ಜೇಬಿಗೇ ಹಾಕಿಕೊಂಡಳು.

“ಬೇಡ ಅಣ್ಣ. ಇಲ್ಲಿ ಕೂತ್ಕೋ, ಈ ಬೆಂಚಿಗೆ ಎಲ್ಲಾ ಕೇಳಿಸುತ್ತೆ,” ಎಂದಳು. “ಒಳಗೆ ಬರಬೇಡ.”